ನಲವತ್ತಮೂರು ಹೆಜ್ಜೆ

ಜನವರಿ ೧೨

ಅಕ್ಕಾ,

"ನಾನು ಕ್ಷೇಮ" ಎಂದು ಶುರು ಮಾಡುವುದಿಲ್ಲ. ಜ್ವರದಲ್ಲಿ ಮಲಗಿದವರೂ ಪತ್ರದ ಮೊದಲ ಸಾಲಿನಲ್ಲಿ ಕ್ಷೇಮವಾಗಿಯೇ ಇರುತ್ತಾರೆ. ಅದು ಅಭ್ಯಾಸಬಲದ ಸುಳ್ಳು. ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಓಡಲಿದ್ದೇನೆ.

ಮೇ ಮೂರಕ್ಕೆ ಇಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ರಸ್ತೆ ಓಟ. ಓಡುವವರು ತಮಗಿಷ್ಟವಾದ ಒಂದು ಸಂಸ್ಥೆಯನ್ನು ಆರಿಸಿಕೊಂಡು ಪರಿಚಯದವರಿಂದ ಅದಕ್ಕೆ ನೆರವು ಕೂಡಿಸಬೇಕು. ಅದರ ಪೋಸ್ಟರು ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲೇ. ಅಂಚು ಕತ್ತರಿಸಿದವನು ನಾನೇ. ಎರಡು ಸಾವಿರ ಸಲ ಅದೇ ಚಿತ್ರ ನೋಡಿದೆ. ಓಡುವವರೆಲ್ಲ ಹಲ್ಲು ಕಿರಿಯುತ್ತಿದ್ದಾರೆ, ನೆರವು ಪಡೆಯುವವರು ಮಾತ್ರ ಎಲ್ಲೂ ಇಲ್ಲ. ನೋಡಿ ನೋಡಿ ಸಿಟ್ಟು ಬಂತು. ಆಗ ನಿನ್ನ ಹಿಂದಿನ ಪತ್ರ ನೆನಪಾಯಿತು. ನಿಮ್ಮ ಮಕ್ಕಳ ಕೇಂದ್ರದಲ್ಲಿ ವ್ಯಾಯಾಮದ ಹಾಲ್ ಮಹಡಿಯ ಮೇಲಿದೆ, ಕಾಲಿಗೆ ಬಲವಿಲ್ಲದೆ ನಡೆಯಲು ಕಲಿಯುವ ಮಕ್ಕಳನ್ನು ಹತ್ತೊಂಬತ್ತು ಮೆಟ್ಟಿಲು ನೀವು ಹೊತ್ತುಕೊಂಡೇ ಹತ್ತುತ್ತೀರಿ ಎಂದು ಬರೆದಿದ್ದೆ. ಯಾವ ಮೇಧಾವಿ ಅದನ್ನು ಮೇಲೆ ಕಟ್ಟಿದ? ರ‍್ಯಾಂಪಿಗೆಂದು ತಂದ ಇಟ್ಟಿಗೆ, ಕಬ್ಬಿಣ ವರ್ಷದಿಂದ ಅಂಗಳದಲ್ಲಿ ಬಿದ್ದಿದೆ, ಕಂಟ್ರಾಕ್ಟರು ನಾಪತ್ತೆ ಎಂದೂ ಬರೆದಿದ್ದೆ.

ನಾನು ಹಣ ಕೇಳುವುದಿಲ್ಲ. ದಾನ ಎನ್ನುವುದು ಮೇಲಿನಿಂದ ಕೆಳಕ್ಕೆ ಬೀಳುವ ವಸ್ತು. ಕೊಟ್ಟವನು ಎತ್ತರದಲ್ಲೇ ಉಳಿಯುತ್ತಾನೆ, ಪಡೆದವನು ಬಗ್ಗಿಯೇ ಇರುತ್ತಾನೆ. ಈ ವಿಷಯವಾಗಿ ನನ್ನ ಬಳಿ ಮೂರು ಪುಸ್ತಿಕೆಗಳಿವೆ, ಬೇಕಾದರೆ ಕಳಿಸುತ್ತೇನೆ. ನಾನು ಕೇಳುವುದು ದುಡಿಮೆ. ನಮ್ಮ ಓಣಿಯಲ್ಲಿ ಮೇಸ್ತ್ರಿ ಇದ್ದಾರೆ, ವೆಲ್ಡರ್ ಅಣ್ಣ ಇದ್ದಾನೆ, ಬಡಗಿ, ಪೇಂಟರ್ ಎಲ್ಲರೂ ಇದ್ದಾರೆ. ನಾನು ಓಡಿ ಮುಗಿಸಿದರೆ ಅವರು ತಲಾ ಎಂಟು ದಿನ ನಿಮ್ಮಲ್ಲಿಗೆ ಬಂದು ಕೆಲಸ ಮಾಡಬೇಕು. ದುಡಿಯುವವರು ದುಡಿಯುವವರಿಗೆ ಕೊಡುವ ಕೈ.

ಫೋನ್ ಮಾಡಬೇಡ. ಮಾರಿಬಿಟ್ಟೆ. ಮನುಷ್ಯನ ಗಮನವನ್ನು ಲೂಟಿ ಮಾಡುವ ಯಂತ್ರ ಅದು.

ನಿನ್ನ ತಮ್ಮ


ಜನವರಿ ೨೪

ತಮ್ಮಾ,

ನಾನು ಚೆನ್ನಾಗಿದ್ದೇನೆ. ಹೌದು, ಮೊದಲ ಸಾಲಿನಲ್ಲೇ ಬರೆಯುತ್ತೇನೆ, ಏನು ಮಾಡುತ್ತೀಯ?

ಫೋನ್ ಮಾರಿದ್ದು ನಿನ್ನ ತತ್ವ. ಅಂಚೆ ಚೀಟಿಗೆ ಸರದಿಯಲ್ಲಿ ನಿಲ್ಲುವುದು ನನ್ನ ಹಣೆಬರಹ. ನಿನ್ನ ತತ್ವಗಳಿಗೆ ಯಾವಾಗಲೂ ಬೇರೆಯವರ ಕಾಲೇ ನೋಯುವುದು.

ಇನ್ನು ಓಟ. ನೀನಾ? ಬಸ್ಸು ಹೊರಟರೂ ಓಡದೆ, "ಜನರಿಗಾಗಿ ಬಸ್ಸು, ಬಸ್ಸಿಗಾಗಿ ಜನರಲ್ಲ" ಎಂದು ನಿಂತಲ್ಲೇ ಭಾಷಣ ಬಿಗಿದು, ಪರೀಕ್ಷೆಗೆ ಮುಕ್ಕಾಲು ಗಂಟೆ ತಡವಾಗಿ ಹೋದವನು ನೀನು. ನಿನ್ನ ಪತ್ರ ಓದಿ ಹೇಳಿದಾಗ ಇಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ನಾನು ಹಿತ್ತಲಿಗೆ ಹೋಗಿ ಒಬ್ಬಳೇ ಸ್ವಲ್ಪ ಹೊತ್ತು ನಿಂತಿದ್ದೆ. ನೀನು ನೆನಪಿಟ್ಟುಕೊಂಡೆಯಲ್ಲ ಎಂದು.

ಆಟವಲ್ಲ ಇದು, ಕೇಳು. ಕಟ್ಟಡಗಳ ಸುರಕ್ಷತೆ ನೋಡುವ ಅಧಿಕಾರಿ ಬಂದಿದ್ದರು. ನಾವು ಮಗುವನ್ನು ಹೊತ್ತು ಮೆಟ್ಟಿಲೇರುವುದನ್ನು ಕಣ್ಣಾರೆ ನೋಡಿ, ಜೂನ್ ಮುಗಿಯುವುದರೊಳಗೆ ರ‍್ಯಾಂಪ್ ಆಗದಿದ್ದರೆ ಹಾಲಿಗೆ ಬೀಗ ಹಾಕುತ್ತೇವೆ ಎಂದು ಬರೆದು ಕೊಟ್ಟುಹೋದರು. ತಪ್ಪೇನೂ ಇಲ್ಲ ಅವರದು. ಆದರೆ ಹಾಲ್ ಮುಚ್ಚಿದರೆ ಮೂವತ್ತೊಂದು ಮಕ್ಕಳು ಮನೆಗೆ ಹೋಗುತ್ತಾರೆ. ಮನೆಗೆ ಹೋದ ಮಕ್ಕಳು ಎರಡೇ ತಿಂಗಳಲ್ಲಿ ಕಲಿತದ್ದನ್ನೆಲ್ಲ ಮರೆಯುತ್ತವೆ. ನಾನು ನೋಡಿದ್ದೇನೆ.

ಮೇಸ್ತ್ರಿಗೆ ಅಳತೆ ಹೇಳು. ಎತ್ತರ ಹತ್ತು ಅಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಇಲ್ಲದಿದ್ದರೆ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ಎಂದರೆ ನೂರ ಇಪ್ಪತ್ತು ಅಡಿ, ಗೋಡೆಗೆ ಅಂಟಿ ಮೂರು ಮಡಿಕೆ, ಪ್ರತಿ ತಿರುವಿನಲ್ಲಿ ನಿಲ್ಲಲು ಜಾಗ, ಎರಡೂ ಕಡೆ ಹಿಡಿಕಂಬಿ. ಮಡಿಸುವುದು ನಿನ್ನ ಕಸುಬು, ಇಷ್ಟಾದರೂ ಅರ್ಥವಾಗುತ್ತದೆ.

ಮತ್ತೆ, ದಯವಿಟ್ಟು, ಕರಪತ್ರ ಬರೆಯಬೇಡ. ಬಾಯಲ್ಲಿ ಕೇಳು, ಸಾಕು.

ಅಕ್ಕ


ಫೆಬ್ರುವರಿ ೧೬

ಅಕ್ಕಾ,

ಕರಪತ್ರ ಬರೆದೆ. ಐವತ್ತು ಪ್ರತಿ ಇದರ ಜೊತೆಗಿದೆ, ನಿಮ್ಮಲ್ಲಿ ಹಂಚು.

ಬೇಡವೆಂದದ್ದು ನೆನಪಿದೆ. ಆದರೆ ಬಾಯಿಮಾತು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ನಿಲ್ಲುತ್ತದೆ. ಯಜಮಾನರು ಉಳಿಕೆ ಕಾಗದ ಬಳಸಲು ಒಪ್ಪಿದರು. ಏಳು ಸಲ ತಿದ್ದಿದ್ದೇನೆ. ಮೇಲಿನ ಘೋಷಣೆ ನೋಡು: "ನಡೆಯುವುದು ಸೋಲು! ಓಡುವುದು ಹೋರಾಟ!" ರಸ್ತೆಯ ಆಚೆ ಬದಿಯಿಂದಲೂ ಕಾಣುವ ಅಕ್ಷರ. ಕೆಳಗೆ ಕರಾರು. ಸಹಿ ಮಾಡಿದವರು ತಲಾ ಎಂಟು ದಿನ ದುಡಿಯಬೇಕು. ಆದರೆ ನಾನು ದಾರಿಯಲ್ಲಿ ಒಂದೇ ಒಂದು ಹೆಜ್ಜೆ ನಡೆದರೂ ಕರಾರು ರದ್ದು, ಯಾರೂ ಏನೂ ಕೊಡಬೇಕಿಲ್ಲ. ಕೇಳುವವನು ಮೊದಲು ತನ್ನನ್ನು ಕಟ್ಟಿಹಾಕಿಕೊಳ್ಳಬೇಕು. ಆಗ ಮಾತ್ರ ಬೇರೆಯವರನ್ನು ಕೇಳುವ ಹಕ್ಕು ಬರುತ್ತದೆ.

ವೆಲ್ಡರ್ ಅಣ್ಣನಿಗೆ ಕೊಟ್ಟಾಗ ಕೇಳಿದ, "ಲೋ ಕರಪತ್ರ, ನೀರು ಕುಡಿಯೋವಾಗ ಏನ್ಮಾಡ್ತೀಯ?"

"ನಿಂತಲ್ಲೇ ಕುಣೀತಾ ಕುಡೀತೀನಿ."

"ಒಂದಕ್ಕೆ ಬಂದ್ರೆ?"

ಪೆನ್ನು ಮುಂದೆ ಹಿಡಿದೆ. ಗಂಭೀರ ಕೆಲಸಕ್ಕೆ ಇಂಥ ಪ್ರಶ್ನೆ ಕೇಳುವವರಿಂದಲೇ ಲೋಕ ಹೀಗಿದೆ. ಸಹಿ ಮಾತ್ರ ಹಾಕಿದ. ಮೇಸ್ತ್ರಿ ಹಾಕಿದರು, ಒಟ್ಟು ಹನ್ನೊಂದು ಜನ. ಮೇಸ್ತ್ರಿಯ ಕೈಯಲ್ಲಿ ಸಿಮೆಂಟಿತ್ತು, ಅವರ ಸಹಿಯ ಮೇಲೆ ಹೆಬ್ಬೆರಳಿನಷ್ಟು ಬೂದು ಕಲೆಯಾಗಿದೆ. ಅದನ್ನು ಜೋಪಾನವಾಗಿ ಇಟ್ಟಿದ್ದೇನೆ.

ಬೆಳಿಗ್ಗೆ ಐದೂವರೆಗೆ ಓಡುತ್ತೇನೆ. ಓಣಿಯ ತುದಿಯಿಂದ ರೈಲು ಗೇಟು, ಅಲ್ಲಿಂದ ನೀರಿನ ಟ್ಯಾಂಕು, ವಾಪಸ್ಸು. ಮೊದಲ ದಿನ ಗೇಟಿನ ಹತ್ತಿರ ವಾಂತಿಯಾಯಿತು. ಈಗ ಒಂಬತ್ತು ಕಿಲೋಮೀಟರು. ಗೇಟಿನ ಬಳಿ ಒಂದು ಓಟಗಾರರ ಗುಂಪು ಸೇರುತ್ತದೆ. ಹತ್ತು ನಿಮಿಷ ಓಡುತ್ತಾರೆ, ಇಪ್ಪತ್ತು ನಿಮಿಷ ಫೋಟೋ ತೆಗೆದುಕೊಳ್ಳುತ್ತಾರೆ. ಒಬ್ಬ ನನ್ನ ಕಾಲು ನೋಡಿ, "ಈ ಶೂನಲ್ಲಿ ಓಡ್ಬೇಡಿ ಬ್ರದರ್, ಮಂಡಿ ಹೋಗುತ್ತೆ" ಎಂದ. ನಾನು ಹಾಕುವುದು ಪ್ರೆಸ್ಸಿನ ಕ್ಯಾನ್ವಾಸ್ ಶೂ. ಕಂಪನಿಯ ಹೆಸರನ್ನು ಕಾಲಿಗೆ ಕಟ್ಟಿಕೊಂಡು ಅವರ ಜಾಹೀರಾತು ಹೊರಲು ನಾನೇನು ಗೋಡೆಯಲ್ಲ ಎಂದೆ. ಅವತ್ತಿನಿಂದ ಆ ಗುಂಪು ನನ್ನನ್ನು ಕಂಡರೆ ರಸ್ತೆ ದಾಟುತ್ತದೆ.

ನಿನ್ನ ತಮ್ಮ


ಮಾರ್ಚ್ ೬

ತಮ್ಮಾ,

ನಾನು ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಪೆನ್ನು ಸರಿಯಿಲ್ಲ ಎಂದುಕೋ.

ನಿನ್ನ ಕಟ್ಟನ್ನು ನಾನು ಬಿಚ್ಚುವ ಮೊದಲೇ ಬೇರೆ ಯಾರೋ ಬಿಚ್ಚಿದರು. ನಮ್ಮಲ್ಲೊಬ್ಬಳು ಇದ್ದಾಳೆ, ಹತ್ತು ವರ್ಷ, ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಪುಟ್ಟ ವಕೀಲೆ ಎನ್ನುತ್ತೇವೆ. ಗಾಲಿಕುರ್ಚಿಯಲ್ಲಿ ಬಂದು, ಕರಪತ್ರವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

"ಅಕ್ಕಾ, ನಿಮ್ ತಮ್ಮ ನಡೆದ್ರೆ ಸೋತ ಹಾಗಂತೆ?"

"ಅವನಿಗೆ ಬುದ್ಧಿ ಇಲ್ಲ, ಬಿಡು."

"ಅಲ್ಲ, ನಾನು ಹೋದ ವಾರ ಏಳು ಹೆಜ್ಜೆ ನಡೆದೆ. ಹಾಗಾದ್ರೆ ಏಳು ಸಲ ಸೋತೆನಾ? ಇಲ್ಲಾ ಎಲ್ಲಾ ಸೇರಿ ಒಂದೇ ಸಲವಾ?"

ಆ ಏಳು ಹೆಜ್ಜೆಗೆ ಅವಳು ಹದಿನಾಲ್ಕು ತಿಂಗಳು ಬೆವರು ಸುರಿಸಿದ್ದಾಳೆ. ಮೊದಲ ಆರು ತಿಂಗಳು ಬರೀ ನಿಲ್ಲುವುದು. ಹಿಮ್ಮಡಿ ನೆಲಕ್ಕೆ ತಾಗಿಸುವುದೇ ಒಂದು ತಿಂಗಳ ಕೆಲಸ. ಏಳನೇ ಹೆಜ್ಜೆಗೆ ಅವಳ ಅಪ್ಪ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ನಾವು ಇಡೀ ದಿನ ಯಾವುದಕ್ಕಾಗಿ ಬೆನ್ನು ಮುರಿದುಕೊಳ್ಳುತ್ತೇವೋ ಅದನ್ನೇ ನೀನು ದಪ್ಪ ಅಕ್ಷರದಲ್ಲಿ ಸೋಲು ಎಂದು ಅಚ್ಚು ಹಾಕಿಸಿ, ಐವತ್ತು ಪ್ರತಿ ಕಳಿಸಿ, ಹಂಚು ಎನ್ನುತ್ತೀಯ. ಏಳು ಸಲ ತಿದ್ದಿದೆಯಂತೆ! ಏಳು ಸಲದಲ್ಲಿ ಒಂದು ಸಲವಾದರೂ ಈ ಕರಪತ್ರ ಹೋಗುವುದು ಎಲ್ಲಿಗೆ ಎಂದು ಯೋಚಿಸಿದೆಯಾ?

ಇನ್ನು ಆ ಕರಾರು. ನಿನ್ನನ್ನು ಕಟ್ಟಿಹಾಕಿಕೊಂಡೆಯಂತೆ. ಯಾರು ಕೇಳಿದ್ದರು? ಕಟ್ಟಿಹಾಕಿದ್ದು ನಿನ್ನನ್ನಲ್ಲ, ಮೂವತ್ತೊಂದು ಮಕ್ಕಳನ್ನು. ನಿನ್ನ ಕಾಲಿಗೆ ಒಂದು ಕಲ್ಲು ಎಡವಿದರೆ ಇವರ ಹಾಲಿಗೆ ಬೀಗ. ಕೂಡಲೇ ಹೋಗಿ ಆ ಸಾಲನ್ನು ಹೊಡೆದುಹಾಕಿ ಬಾ. ನಾಳೆಯೇ.

ಅಕ್ಕ


ಮಾರ್ಚ್ ೧೯

ಅಕ್ಕಾ,

ನಿನ್ನ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಸಿಟ್ಟಿನಲ್ಲಿ ಕೈ ನಡುಗಿದೆ. ಪೆನ್ನಿನ ಮೇಲೆ ಯಾಕೆ ತಪ್ಪು ಹೊರಿಸುತ್ತೀಯ?

ಘೋಷಣೆಯ ವಿಷಯದಲ್ಲಿ ನನ್ನದು ತಪ್ಪು. ಇಡೀ ದಿನ ಆ ಏಳು ಹೆಜ್ಜೆಯ ಮಾತೇ ತಲೆಯಲ್ಲಿ ಸುತ್ತಿತು, ಕತ್ತರಿಸುವ ಯಂತ್ರದಲ್ಲಿ ಒಂದು ಇಡೀ ಕಟ್ಟು ಸೊಟ್ಟಗೆ ಕತ್ತರಿಸಿ ಯಜಮಾನರಿಂದ ಬೈಸಿಕೊಂಡೆ. ಉಳಿದ ಪ್ರತಿಗಳಲ್ಲಿ ಆ ಸಾಲಿನ ಮೇಲೆ ಕೈಯಿಂದಲೇ ಮಸಿ ಬಳಿದಿದ್ದೇನೆ. ನಾನು ಬರೆದದ್ದು ಅನುಕೂಲಸ್ಥರ ಆಲಸ್ಯದ ನಡಿಗೆಯ ಬಗ್ಗೆ ಎಂದು ಆ ಹುಡುಗಿಗೆ ವಿವರಿಸು. ಬೇಡ, ವಿವರಿಸಬೇಡ. ಕ್ಷಮಿಸು ಎಂದಷ್ಟೇ ಹೇಳು.

ಆದರೆ ಕರಾರು ಹೊಡೆದುಹಾಕಲಾರೆ. ಹನ್ನೊಂದು ಜನ ಅದನ್ನು ಓದಿ ಸಹಿ ಮಾಡಿದ್ದಾರೆ. ಈಗ ಹೋಗಿ, "ನನಗೆ ಕಷ್ಟವಾಗುತ್ತಿದೆ, ಸ್ವಲ್ಪ ಸಡಿಲಿಸಿ" ಎಂದರೆ ನಾನು ಬೈಯುವ ಎಲ್ಲ ಮುಖಂಡರ ಹಾಗೆಯೇ ಆದೆ. ಮಾತಿಗೆ ಬೆಲೆ ಇರಬೇಕು. ನೀನು ಹೆದರಬೇಡ, ಹದಿನಾಲ್ಕು ಕಿಲೋಮೀಟರು ಸಲೀಸಾಗಿ ಓಡುತ್ತಿದ್ದೇನೆ. ಮೈಯಲ್ಲಿ ಯಾವ ನೋವೂ ಇಲ್ಲ.

ನಿನ್ನ ತಮ್ಮ

(ನಾನು ಚಿಕ್ಕಮ್ಮ ಕಣೇ. ಅಂಚೆಗೆ ಹಾಕು ಎಂದು ಕೊಟ್ಟ, ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಇವನ ಬಲಮಂಡಿ ಊದಿದೆ. ಸ್ನಾನದ ಮನೆಯಿಂದ ಗೋಡೆ ಹಿಡಿದುಕೊಂಡು ಬರುತ್ತಾನೆ, ಕೇಳಿದರೆ "ಗೋಡೆ ಗಟ್ಟಿ ಇದೆಯಾ ನೋಡ್ತಿದ್ದೆ" ಎನ್ನುತ್ತಾನೆ. ನಾನು ಹೇಳಿದೆನೆಂದು ಬರೆಯಬೇಡ. ನೀನು ಹುಷಾರು, ನೀನೂ ಕಡಿಮೆಯೇನಿಲ್ಲ.)


ಮಾರ್ಚ್ ೩೦

ತಮ್ಮಾ,

ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿ ಚೆನ್ನಾಗಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಬೇಡ, ಹನ್ನೆರಡು ವರ್ಷದಿಂದ ಕಾಲುಗಳ ಜೊತೆಗೇ ಬದುಕುತ್ತಿದ್ದೇನೆ.

ಕೇಳು, ಇದು ಅಕ್ಕ ಹೇಳುವ ಮಾತಲ್ಲ, ಕಸುಬು ಗೊತ್ತಿರುವವಳು ಹೇಳುವ ಮಾತು. ಹತ್ತು ದಿನ ಓಡಬೇಡ. ದಿನಕ್ಕೆ ಮೂರು ಸಲ ಮಂಜುಗಡ್ಡೆ ಬಟ್ಟೆಯಲ್ಲಿ ಸುತ್ತಿ ಇಡು. ಒಳ್ಳೆಯ ಶೂ ತೆಗೆದುಕೋ. ಕಂಪನಿಯ ಹೆಸರಿನ ಮೇಲೆ ಬೇಕಾದರೆ ಮಸಿ ಬಳಿ, ಅದರಲ್ಲಿ ನೀನು ಎತ್ತಿದ ಕೈ. ಆಮೇಲೆ ನಾಲ್ಕು ನಿಮಿಷ ಓಡು, ಒಂದು ನಿಮಿಷ ನಡಿ. ಅನುಭವಸ್ಥರೂ ಹಾಗೆಯೇ ದೂರ ಮುಟ್ಟುತ್ತಾರೆ. ನಡಿ. ಕಾಲು ಇರುವುದೇ ಅದಕ್ಕೆ.

ಒಂದೇ ಒಂದು ಸಲ ನನ್ನ ಮಾತು ಕಿವಿಗೆ ಹಾಕಿಕೋ.

ಅಕ್ಕ


ಏಪ್ರಿಲ್ ೨೨

ತಮ್ಮಾ,

ನಾನು ಚೆನ್ನಾಗಿದ್ದೇನೆ. ನೀನು ಬದುಕಿದ್ದೀಯಾ?

ಮೂರು ವಾರವಾಯಿತು, ಒಂದು ಸಾಲಿಲ್ಲ. ಮಾತಿಗೆ ಬೆಲೆ ಇರಬೇಕಂತೆ, ಪತ್ರಕ್ಕೆ ಉತ್ತರ ಮಾತ್ರ ಬೇಕಿಲ್ಲ. ಓಟಕ್ಕೆ ಹನ್ನೊಂದು ದಿನ ಇದೆ. ಆ ಅಧಿಕಾರಿ ಮತ್ತೆ ಬಂದು ಅಂಗಳದ ಇಟ್ಟಿಗೆ ರಾಶಿಯ ಫೋಟೋ ತೆಗೆದುಕೊಂಡು ಹೋದರು. ನಾನೀಗ ಮಹಡಿಗೆ ಹೋಗುತ್ತಿಲ್ಲ, ಕೆಳಗೆ ಕಾಗದಪತ್ರದ ಕೆಲಸ ನೋಡುತ್ತಿದ್ದೇನೆ. ಅಷ್ಟಕ್ಕೇ ಏನೇನೋ ಕಲ್ಪಿಸಿಕೊಳ್ಳಬೇಡ.

ಪುಟ್ಟ ವಕೀಲೆ ನಿನಗೊಂದು ಕರಾರು ಕಳಿಸಿದ್ದಾಳೆ. ಒಂದಕ್ಷರ ಬದಲಿಸದೆ ನಕಲು ಮಾಡುತ್ತಿದ್ದೇನೆ:

"ಕರಪತ್ರದ ಅಣ್ಣನಿಗೆ. ಕ್ಷಮಿಸಿದ್ದೇನೆ. ನೀವು ಓಡುವ ದಿನ ನಾನು ಹತ್ತೊಂಬತ್ತು ಮೆಟ್ಟಿಲು ನಾನೇ ಹತ್ತುತ್ತೇನೆ. ಕಂಬಿ ಹಿಡಿಯುತ್ತೇನೆ. ಸುಸ್ತಾದರೆ ಮಧ್ಯದಲ್ಲಿ ಕುಳಿತುಕೊಳ್ಳುತ್ತೇನೆ. ಕುಳಿತರೆ ರದ್ದು ಎಂದು ಬರೆದಿಲ್ಲ. ಯಾಕೆಂದರೆ ನಾನು ದಡ್ಡಿ ಅಲ್ಲ. ಸಹಿ."

ಅಕ್ಕ


ಮೇ ೫

ಅಕ್ಕಾ,

ಉತ್ತರ ಬರೆಯದಿದ್ದದ್ದು ಸುಳ್ಳು ಬರೆಯಬಾರದೆಂದು. ನಿನ್ನ ಪತ್ರ ಬಂದ ಮೇಲೆ ಹತ್ತು ದಿನ ಮಲಗಿದ್ದೆ. ಶೂ ತೆಗೆದುಕೊಂಡೆ, ಹೆಸರಿಗೆ ಮಸಿ ಬಳಿದೆ. ಆದರೆ ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯಲಿಲ್ಲ. ಕರಾರು ಇತ್ತು.

ನಾನು ನಡೆದುಬಿಟ್ಟೆ ಅಕ್ಕಾ.

ಹದಿನಾರರವರೆಗೆ ಸರಿಯಾಗಿತ್ತು. ನೀರಿನ ಮೇಜುಗಳ ಬಳಿ ನಿಂತಲ್ಲೇ ಕುಣಿದೆ, ಅರ್ಧ ನೀರು ಮೂಗಿಗೆ ಹೋಯಿತು. ಹದಿನೇಳರ ಹಲಗೆ ದಾಟಿದ ಮೇಲೆ ಗೋದಾಮಿನ ಉದ್ದನೆಯ ಗೋಡೆ, ಒಂದು ತಿರುವು. ಅಲ್ಲಿ ಮಂಡಿಯೊಳಗೆ ಯಾರೋ ಮೊಳೆ ತಿರುಗಿಸಿದ ಹಾಗಾಯಿತು. ಬಿದ್ದೆ. ಎದ್ದೆ. ಓಡಲು ಕಾಲೆತ್ತಿದರೆ ಕಾಲು ಬೇರೆ ಯಾರದ್ದೋ. ನಿಂತಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹಾಗಾಗಿ ನಡೆದೆ. ಎಣಿಸಿದೆ. ನಲವತ್ತಮೂರು ಹೆಜ್ಜೆ. ಆಮೇಲೆ ನೋವು ಸ್ವಲ್ಪ ಸಡಿಲವಾಯಿತು, ಕುಂಟುತ್ತಾ ಓಡಿ ಮುಗಿಸಿದೆ.

ಪಕ್ಕದಲ್ಲಿ ಹಾದುಹೋದವರಿಗೆ ನಾನು ಯಾರೆಂದು ಗೊತ್ತಿಲ್ಲ. ನಮ್ಮ ಓಣಿಯವರು ಇದ್ದದ್ದು ಕೊನೆಯ ಗೆರೆಯ ಹತ್ತಿರ. ವೆಲ್ಡರ್ ಅಣ್ಣ ಶಿಳ್ಳೆ ಹೊಡೆದ, ಮೇಸ್ತ್ರಿ ಬೆನ್ನು ತಟ್ಟಿದರು. ಎಲ್ಲರಿಗೂ ಕೊಡುವ ಪದಕ ಕೊಟ್ಟರು, "ನೀವೂ ವಿಜೇತರು" ಎಂದು ಬರೆದಿದೆ. ಅಷ್ಟು ದೊಡ್ಡ ಸುಳ್ಳನ್ನು ಲೋಹದಲ್ಲಿ ಎರಕ ಹೊಯ್ದದ್ದು ನಾನು ನೋಡಿರಲಿಲ್ಲ. ಚಿಕ್ಕಮ್ಮ ಅದನ್ನು ಗಾಳಿಗೆ ಹಾರುವ ಕಿಟಕಿ ಪರದೆಗೆ ಭಾರವಾಗಿ ಕಟ್ಟಿದ್ದಾಳೆ.

ಸುಮ್ಮನಿದ್ದರೆ ರ‍್ಯಾಂಪ್ ಆಗುತ್ತಿತ್ತು. ಒಂದು ರಾತ್ರಿ ಒಂದು ಹಗಲು ಯೋಚಿಸಿದೆ. ನಿನ್ನ ಮೂವತ್ತೊಂದು ಮಕ್ಕಳು ಕಣ್ಣ ಮುಂದೆ ಬಂದರು. ಸುಳ್ಳಿನ ಮೇಲೆ ನಿಂತ ರ‍್ಯಾಂಪನ್ನು ಆ ಹುಡುಗಿ ಹೇಗೆ ಹತ್ತಬೇಕು ಎಂದೂ ಅನ್ನಿಸಿತು. ಅವಳು ಮೆಟ್ಟಿಲಲ್ಲಿ ಕುಳಿತರೆ ಕುಳಿತೆ ಎಂದೇ ಹೇಳುವವಳು. ನಿನ್ನೆ ಸಂಜೆ ಕೆಲಸದಿಂದ ಎಲ್ಲರೂ ಬರುವ ಹೊತ್ತಿಗೆ ಓಣಿಯ ನಡುವೆ ಸ್ಟೂಲು ಹಾಕಿ ನಿಂತು ಹೇಳಿದೆ. ನಾನು ನಲವತ್ತಮೂರು ಹೆಜ್ಜೆ ನಡೆದಿದ್ದೇನೆ, ಕರಾರಿನ ನಾಲ್ಕನೇ ಅಂಶದ ಪ್ರಕಾರ ನೀವೆಲ್ಲ ಬಿಡುಗಡೆ ಎಂದು.

ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಮೇಸ್ತ್ರಿ, "ಆಯ್ತು ಬಿಡಪ್ಪ, ಇಳಿ. ಮೊದ್ಲೇ ಮಂಡಿ ಸರಿಯಿಲ್ಲ" ಎಂದು ಕರಣೆ ತೊಳೆಯಲು ಒಳಗೆ ಹೋದರು. ಅಷ್ಟೇ.

ರ‍್ಯಾಂಪ್ ಕಳೆದವನು ನಾನು. ನಿನ್ನ ಮುಖ ಹೇಗೆ ನೋಡಲಿ? ಮಂಡಿ ಬಗ್ಗಿದರೆ ಸಾಕು, ಒಬ್ಬನೇ ಬಂದು ಇಟ್ಟಿಗೆ ಹೊರುತ್ತೇನೆ. ಒಬ್ಬನಿಂದ ಏನಾಗುತ್ತದೆ ಎನ್ನಬೇಡ. ಗೊತ್ತು.

ತಮ್ಮ


ಮೇ ೧೨

ತಮ್ಮಾ,

ನಾನು ಚೆನ್ನಾಗಿಲ್ಲ. ಮೊದಲ ಸಾಲಿನಲ್ಲೇ ಬರೆದಿದ್ದೇನೆ, ನೋಡಿಕೋ.

ಮೊದಲು ನಿನಗೆ ಬೈಯುತ್ತೇನೆ. ಎಂಟನೇ ತಾರೀಖು ಬೆಳಿಗ್ಗೆ ಗೇಟಿನ ಮುಂದೆ ಒಂದು ಟೆಂಪೊ ನಿಂತಿತು. ಕರಣೆ, ಜಾಲರಿ, ವೆಲ್ಡಿಂಗ್ ಯಂತ್ರ, ಹನ್ನೊಂದು ಜನ. ಚಿಕ್ಕಮ್ಮ ವಿಳಾಸ ಬರೆದುಕೊಟ್ಟಿದ್ದಳಂತೆ. ಒಂದು ಗಂಟೆಯ ನಂತರ ನಿನ್ನ ಪತ್ರ ಬಂತು, ಕರಾರು ರದ್ದಾಗಿದೆ ಎಂದು ಅಳುತ್ತಾ. ಪತ್ರ ಕೈಯಲ್ಲಿ ಹಿಡಿದು ಕಿಟಕಿಯಲ್ಲಿ ನೋಡಿದರೆ ಮೇಸ್ತ್ರಿ ದಾರ ಕಟ್ಟಿ ಮೊದಲ ಮಡಿಕೆಯ ಗುರುತು ಹಾಕುತ್ತಿದ್ದಾರೆ! ಕರೆದು ಕೇಳಿದೆ.

"ಅಣ್ಣಾ, ಅವನು ನಡೆದನಂತಲ್ಲ. ನೀವು ಬರಬೇಕಾಗಿರಲಿಲ್ಲವಂತೆ?"

"ಅದೇನೋ ಅಂದನಮ್ಮ ಸ್ಟೂಲ್ ಹತ್ತಿ. ನಾಲ್ಕನೇ ಅಂಶ ಅಂತ. ನಮಗೆ ಯಾರಿಗೂ ತಲೆಬುಡ ತಿಳೀಲಿಲ್ಲ."

"ಕರಪತ್ರದಲ್ಲಿ ಬರೆದಿತ್ತಲ್ಲ?"

"ಅಯ್ಯೋ, ಅದನ್ನ ಯಾರು ಓದ್ತಾರೆ ತಾಯಿ! ಇರುವೆ ಸಾಲಿನ ಹಾಗೆ ಅಕ್ಷರ. ಎಲ್ಲಿ ಸಹಿ ಅಂದೆ, ತೋರಿಸಿದ, ಹಾಕ್ದೆ."

ವೆಲ್ಡರ್ ಮಧ್ಯೆ ಬಾಯಿ ಹಾಕಿದ, "ನಾನು ಅರ್ಧ ಓದ್ದೆ ಅಕ್ಕ. ನೀರಿನ ಬಗ್ಗೆ ಕೇಳಿದ್ದಕ್ಕೆ ಮುಖ ಊದಿಸ್ಕೊಂಡ, ಅಲ್ಲಿಗೇ ಬಿಟ್ಟೆ."

"ಮತ್ತೆ ಯಾಕೆ ಬಂದ್ರಿ?"

ಮೇಸ್ತ್ರಿ ಸ್ವಲ್ಪ ಹೊತ್ತು ದಾರ ಎಳೆದು ನೋಡಿದರು. "ಮೂರೂವರೆ ತಿಂಗಳು ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ಪಟಪಟ ಅಂತ ಓಡಿದಾನೆ. ನಾಯಿಗಳು ಬೊಗಳಿ ಬೊಗಳಿ ಇಡೀ ಓಣಿಗೆ ನಿದ್ದೆ ಇಲ್ಲ. ಆಮೇಲೆ ಪ ಒಂದು ಕಡೆ, ಟ ಒಂದು ಕಡೆ ಕೇಳಿಸೋಕೆ ಶುರುವಾಯ್ತು. ಕಾಲು ಎಳೀತಿದಾನೆ ಅಂತ ಮಲಗಿದಲ್ಲೇ ಗೊತ್ತಾಗೋದು. ಆದ್ರೂ ಬಿಡಲಿಲ್ಲ ಪುಣ್ಯಾತ್ಮ. ಅಷ್ಟು ಕೇಳಿಸ್ಕೊಂಡ್ಮೇಲೆ ಸುಮ್ನೆ ಹೆಂಗಮ್ಮ ಕೂತ್ಕೊಳ್ಳೋದು?"

"ಅವನನ್ನೂ ಕರ್ಕೊಂಡು ಬರಬಹುದಿತ್ತಲ್ಲ?"

"ಬಂದ್ರೆ ಭಾಷಣ ಮಾಡ್ತಾನೆ. ಕೆಲಸ ನಿಲ್ಲುತ್ತೆ."

ತಿಳಿಯಿತಾ? ನೀನು ಏಳು ಸಲ ತಿದ್ದಿದ ಕರಾರು, ನನ್ನ ನಿದ್ದೆ ಕೆಡಿಸಿದ ಕರಾರು, ನಿನ್ನ ಮಂಡಿ ತಿಂದ ಕರಾರು ನಿನ್ನ ತಲೆಯೊಳಗೆ ಬಿಟ್ಟರೆ ಎಲ್ಲೂ ಇರಲಿಲ್ಲ. ಎರಡನೇ ಮಡಿಕೆಯವರೆಗೂ ಗೋಡೆ ಎದ್ದಿದೆ. ಜೂನ್ ಹತ್ತರಷ್ಟರಲ್ಲಿ ಮುಗಿಯುತ್ತದಂತೆ, ಎಂಟು ದಿನ ಸಾಲದಿದ್ದರೆ ಸರದಿಯ ಮೇಲೆ ಉಳಿಯುತ್ತಾರಂತೆ.

ಈಗ ನನ್ನ ಸರದಿ. ಮೇಸ್ತ್ರಿ ನನ್ನನ್ನು ನೋಡಿಬಿಟ್ಟಿದ್ದಾರೆ, ಊರಿಗೆ ಬಂದು ನಿನಗೆ ಹೇಳುವ ಮೊದಲು ನಾನೇ ಹೇಳುತ್ತೇನೆ. ಜನವರಿ ಕೊನೆಯಲ್ಲಿ ಒಂದು ಮಗುವನ್ನು ಹೊತ್ತು ಹದಿನೈದನೇ ಮೆಟ್ಟಿಲಲ್ಲಿದ್ದಾಗ ನನ್ನ ಸೊಂಟ ಹಿಡಿಯಿತು. ಮಗುವಿಗೆ ಏನೂ ಆಗಲಿಲ್ಲ. ಬೆನ್ನುಮೂಳೆಯ ಒಂದು ಬಿಲ್ಲೆ ಜಾರಿದೆ. ಫೆಬ್ರುವರಿಯಿಂದ ಎಲ್ಲ ಪತ್ರಗಳನ್ನೂ ಕೇಂದ್ರದ ಕೆಳಗಿನ ನನ್ನ ಕೋಣೆಯಲ್ಲಿ ಮಲಗಿಕೊಂಡು, ಹಲಗೆ ಮೇಲೆತ್ತಿ ಹಿಡಿದು ಬರೆದಿದ್ದೇನೆ. ಮೇಲೆ ಮುಖ ಮಾಡಿ ಬರೆದರೆ ಪೆನ್ನು ಸರಿಯಾಗಿ ಬರೆಯುವುದಿಲ್ಲ. ಆ ಮಾತು ಸುಳ್ಳಾಗಿರಲಿಲ್ಲ.

ಹೇಳಿದ್ದರೆ ನೀನು ಇನ್ನಷ್ಟು ಓಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ನೀನು ಮಂಡಿಯ ವಿಷಯ ಯಾಕೆ ಹೇಳಲಿಲ್ಲವೋ ಅದಕ್ಕೇ. ಚಿಕ್ಕಮ್ಮ ಹೇಳಿದ ಹಾಗೆ ನಾನೂ ಕಡಿಮೆಯೇನಿಲ್ಲ.

ನಲವತ್ತಮೂರು ಹೆಜ್ಜೆ ನಡೆದುಬಿಟ್ಟೆ ಎಂದು ಸ್ಟೂಲು ಹತ್ತಿ ಸಾರಿದೆಯಲ್ಲ, ಆ ಸಾಲು ಓದಿ ಮೈ ಉರಿದುಹೋಯಿತು. ಫೆಬ್ರುವರಿಯಿಂದ ಇಲ್ಲಿಯವರೆಗೆ ನಾನು ನಿಲ್ಲದೆ ನಡೆದಿರುವುದು ಹೆಚ್ಚೆಂದರೆ ಮೂವತ್ತು. ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ. ನಿನ್ನೆ ಮೂವತ್ತೊಂದನೆಯದಕ್ಕೆ ಪ್ರಯತ್ನ ಪಟ್ಟೆ, ಆಗಲಿಲ್ಲ.

ಪುಟ್ಟ ವಕೀಲೆ ಮೂರನೇ ತಾರೀಖು ಹತ್ತೊಂಬತ್ತೂ ಮೆಟ್ಟಿಲು ಹತ್ತಿದಳು. ಹಿಂದೆ ಆಯಾ, ಮುಂದೆ ಅವಳಪ್ಪ. ಆರು ಸಲ ಕುಳಿತಳು. ಐವತ್ತು ನಿಮಿಷ. ಮೇಲೆ ಮುಟ್ಟಿದ ಮೇಲೆ ಅಲ್ಲಿಂದಲೇ ಮೊದಲು ಕೂಗಿ ಕೇಳಿದ್ದು, "ಆ ಅಣ್ಣ ಮುಟ್ಟಿದನಾ?" ಗೊತ್ತಿಲ್ಲ ಎಂದು ಕೆಳಗಿನಿಂದ ಕೂಗಿದೆ, ನೀನು ಫೋನ್ ಮಾರಿದ ಮಹಾನುಭಾವ. ಎಂಟಕ್ಕೆ ನಿನ್ನ ಪತ್ರ ಓದಿ ಹೇಳಿದೆ. ಓಡಿದ್ದು, ಬಿದ್ದದ್ದು, ಪದಕ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಕಡೆ ತಡೆದಳು. ಕಣ್ಣು ಇಷ್ಟಗಲ ಮಾಡಿ ಕೇಳಿದಳು:

"ನಲವತ್ತಮೂರಾ? ಒಂದೇ ಸಲಕ್ಕಾ?"

ಅಕ್ಕ


ಮೇ ೧೭

ಅಕ್ಕಾ,

ನಿನ್ನ ಮೊದಲ ಸಾಲು ಓದಿ ಕುಳಿತವನು ಯಜಮಾನರು ಬಂದು ಭುಜ ಅಲ್ಲಾಡಿಸುವವರೆಗೂ ಏಳಲಿಲ್ಲ.

ಹತ್ತು ದಿನದಿಂದ ಓಣಿಯಲ್ಲಿ ಹನ್ನೊಂದು ಜನರಲ್ಲಿ ಒಬ್ಬರೂ ಕಾಣಲಿಲ್ಲ. ನನ್ನ ಮುಖ ನೋಡಲು ಇಷ್ಟವಿಲ್ಲದೆ ಹಿಂದಿನ ದಾರಿಯಲ್ಲಿ ಓಡಾಡುತ್ತಿದ್ದಾರೆ ಎಂದುಕೊಂಡು ಅವರಿಗೆಂದು ಒಂದು ಬಹಿರಂಗ ಪತ್ರವನ್ನೂ ಬರೆದಿಟ್ಟಿದ್ದೆ, ನಾಲ್ಕು ಪುಟ. ಚಿಕ್ಕಮ್ಮನಿಗೆ ಎಲ್ಲ ಗೊತ್ತಿತ್ತು. "ಯಾಕೆ ಹೇಳಲಿಲ್ಲ?" ಎಂದು ಕೂಗಾಡಿದರೆ, "ನೀನು ಬಾಯಿ ಮುಚ್ಚಿದ್ದರಲ್ವೇನೋ ಹೇಳೋಕೆ!" ಎಂದಳು. ಆ ನಾಲ್ಕು ಪುಟದಿಂದ ಒಲೆ ಹೊತ್ತಿಸಿದ್ದಾಳೆ.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ ಪತ್ರದಲ್ಲಿ ಹಿಡಿಯುವುದಿಲ್ಲ. ಬಂದು ಬೈಯುತ್ತೇನೆ. ನೀನು ಕೂಡ ಬೈ, ಮಲಗಿಕೊಂಡೇ ಬೈ.

ರಜೆ ಸಿಕ್ಕಿದೆ. ಇಪ್ಪತ್ತೆರಡರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಕರಪತ್ರ ತರುವುದಿಲ್ಲ. ಇಟ್ಟಿಗೆ ಹೊರುತ್ತೇನೆ, ತುಟಿ ಬಿಚ್ಚುವುದಿಲ್ಲ ಎಂದು ಮೇಸ್ತ್ರಿಗೆ ಹೇಳು. ನಂಬದಿದ್ದರೆ ಬರೆದು ಕೊಡುತ್ತೇನೆ. ಬೇಡ. ಬಾಯಿಮಾತೇ ಸಾಕು.

ಬಸ್ ನಿಲ್ದಾಣದಿಂದ ನಿಮ್ಮಲ್ಲಿಗೆ ಎರಡು ಕಿಲೋಮೀಟರಂತೆ. ಕಿಟಕಿಯವರೆಗೆ ಬಂದು ನಿಂತಿರು. ಪುಟ್ಟ ವಕೀಲೆಯನ್ನೂ ಕೂರಿಸಿಕೋ. ನಡೆದುಕೊಂಡು ಬರುತ್ತೇನೆ.

ತಮ್ಮ